ಉಚ್ಚೆ ಹೋಗ್ತಿದೆಯಾ?: ಸೊಂಟ ಬಿದ್ದ ನಾಯಿಗಳ ಜೊತೆ ನನ್ನ ಅನುಭವ

ಸೊಂಟ ಬಿದ್ದು ಹಿಂಗಾಲಿನ ಸ್ವಾಧೀನ ತಪ್ಪಿದ ನಾಯಿ ಅಂದ ಕೂಡಲೇ ಎಲ್ಲರೂ ಫೋನ್ ಮಾಡಿ ಕೇಳುವುದು ಹಿಂಗಾಲಿಗೆ ಆಸರೆಯಾಗಿ ಕಟ್ಟುವ ಗಾಲಿಬಂಡಿಯ ಬಗ್ಗೆ. "ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?" ನಾನು ತಿರುಗಿ ಕೇಳುವುದು ಒಂದೇ. "ಉಚ್ಚೆ ಹೋಗ್ತಿದೆಯಾ?" ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ, "ಹೂಂ, ಹೋಗ್ತಾನೇ ಇರುತ್ತೆ, ಇಡೀ ದಿನ ತೊಟ್ಟಿಕ್ಕುತ್ತೆ" ಅನ್ನುತ್ತಾರೆ. ಆ ಮಾತು ಕೇಳಿದರೆ ಇವತ್ತಿಗೂ ನನಗೆ ಎದೆ ಧಸಕ್ ಅನ್ನುತ್ತದೆ. ಯಾಕೆ ಅಂತ ಹೇಳಬೇಕಾದರೆ ಚೆಲುವಿಯ ಕಥೆ ಹೇಳಬೇಕು.

ನಾನು ಮೈಸೂರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. 2016ರ ಮಳೆಗಾಲದಲ್ಲಿ ಒಂದು ದಿನ ನಂಜನಗೂಡಿಗೆ ಹೋಗಿ ವಾಪಸ್ ಬರುತ್ತಿದ್ದೆ. ಕಡಕೊಳದ ಹತ್ತಿರ ರಸ್ತೆ ಪಕ್ಕದಲ್ಲಿ ಅವಳು ಬಿದ್ದಿದ್ದಳು. ಕಂದು ಬಣ್ಣದ ಬೀದಿನಾಯಿ, ಎರಡು ವರ್ಷ ಇರಬಹುದು. ಯಾವುದೋ ಗಾಡಿ ಹೊಡೆದು ಹೋಗಿತ್ತು. ಮುಂಗಾಲು ಊರಿಕೊಂಡು, ಹಿಂಭಾಗವನ್ನು ಎಳೆದುಕೊಂಡು ಚರಂಡಿ ಕಡೆ ಹೋಗಲು ನೋಡುತ್ತಿದ್ದಳು. ನಾನು ಮಗುವನ್ನು ಎತ್ತಿಕೊಳ್ಳುವ ಹಾಗೆ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟೆ. ಹಾಗೆ ಮಾಡಬಾರದಿತ್ತು. ಬೆನ್ನುಮೂಳೆ ಮುರಿದಿದ್ದರೆ ನೇತಾಡಿದಷ್ಟೂ ಒಳಗಿನ ನರಕ್ಕೆ ಪೆಟ್ಟು ಜಾಸ್ತಿ. ಈಗ ಹೋಗುವಾಗ ಒಂದು ಪ್ಲೈವುಡ್ ಹಲಗೆ, ಒಂದು ಬೆಡ್‌ಶೀಟ್ ತೆಗೆದುಕೊಂಡೇ ಹೋಗುತ್ತೇನೆ. ಬೆಡ್‌ಶೀಟ್ ಮೇಲೆ ಮೆಲ್ಲಗೆ ಜರುಗಿಸಿ, ಹಲಗೆಗೆ ಎಳೆದು, ಹಲಗೆ ಸಮೇತ ಗೂಡ್ಸ್ ಆಟೋಗೆ ಹಾಕುವುದು. ನೋವಿನಲ್ಲಿರುವ ನಾಯಿ ಎಷ್ಟೇ ಸಾಧು ಆಗಿದ್ದರೂ ಕಚ್ಚಬಹುದು, ಅದಕ್ಕೇ ಬಾಯಿಗೆ ದುಪಟ್ಟ ಸುತ್ತುತ್ತೇನೆ. ವಾಂತಿ ಮಾಡುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಮಾತ್ರ ಸುತ್ತಬಾರದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಂಗಾಲು ಎಳೆಯುವ ನಾಯಿಗೆಲ್ಲ ಗಾಡಿಯೇ ಹೊಡೆದಿರಬೇಕು ಅಂತಿಲ್ಲ. ರೇಬಿಸ್ ಕೂಡ ಹಾಗೆ ಕಾಣಿಸಿಕೊಳ್ಳಬಹುದು. ದವಡೆ ಜೋತು ಬಿದ್ದು ಜೊಲ್ಲು ಸುರಿಯುತ್ತಿದ್ದರೆ, ಮೈಮೇಲೆ ಗಾಯವೇ ಇಲ್ಲದಿದ್ದರೆ ಮುಟ್ಟಬೇಡಿ. ತಿಳಿದವರನ್ನು ಕರೆಸಿ. ಈ ಕೆಲಸಕ್ಕೆ ಇಳಿಯುವವರು ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ನಾನು ಮೂರು ಡೋಸ್ ಹಾಕಿಸಿಕೊಂಡಿದ್ದೇನೆ. ಹಾಗಂತ ಕಚ್ಚಿದರೆ ಸುಮ್ನೆ ಇರುವಂತಿಲ್ಲ. 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಮತ್ತೆ ಡೋಸ್ ಹಾಕಿಸಿಕೊಳ್ಳಬೇಕು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಚೆಲುವಿಯನ್ನು ಮುಟ್ಟಿಯೂ ನೋಡದೆ, "ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ" ಅಂದರು, ಅಂದರೆ ಸಾಯಿಸಿಬಿಡೋಣ ಅಂತ. ಅವಳು ಆಟೋದಲ್ಲಿ ಬಿಸ್ಕತ್ತು ತಿಂದು ನನ್ನ ಕೈ ನೆಕ್ಕಿದ್ದಳು. ನನಗೆ ಮನಸ್ಸು ಬರಲಿಲ್ಲ. ಎರಡನೇ ಡಾಕ್ಟರು ನಿಧಾನವಾಗಿ ನೋಡಿದರು. ಹಿಂಗಾಲಿನ ಬೆರಳನ್ನು ಚಿಮಟದಲ್ಲಿ ಗಟ್ಟಿಯಾಗಿ ಹಿಸುಕಿದರು. ಕಾಲು ಸರಕ್ ಅಂತ ಹಿಂದೆ ಹೋಯಿತು. ನನಗೆ ಖುಷಿಯೋ ಖುಷಿ. ಡಾಕ್ಟರು ತಲೆಯಾಡಿಸಿದರು. "ಕಾಲು ನೋಡಬೇಡಮ್ಮ, ಮುಖ ನೋಡು. ಕಾಲು ತನ್ನಷ್ಟಕ್ಕೇ ಹಿಂದೆ ಹೋಗುತ್ತೆ. ನೋವು ಮೆದುಳಿಗೆ ಮುಟ್ಟಿದ್ದರೆ ನಾಯಿ ತಿರುಗಿ ನೋಡಬೇಕು, ಕೂಗಬೇಕು." ಚೆಲುವಿ ತಿರುಗಲಿಲ್ಲ. ಕಿಟಕಿ ಕಡೆ ನೋಡುತ್ತಾ ಇದ್ದಳು. ಎಕ್ಸ್-ರೇಯಲ್ಲಿ ನಡುಬೆನ್ನಿನ ಮೂಳೆ ಮುರಿದು ಜರುಗಿದ್ದು ಕಾಣಿಸಿತು. ಅವಳು ಮತ್ತೆ ನಡೆಯುವುದಿಲ್ಲ ಅಂತ ಅವತ್ತೇ ಗೊತ್ತಾಯಿತು.

ಮನೆಗೆ ತಂದೆ. ಗೋಣಿಚೀಲ, ಅದರ ಮೇಲೆ ರೆಕ್ಸಿನ್, ಅದರ ಮೇಲೆ ಹಳೆ ಕಾಟನ್ ಸೀರೆ ಮಡಚಿ ಹಾಸಿಗೆ ಮಾಡಿದೆ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದೆ. ಸೀರೆ ಯಾವಾಗಲೂ ಒದ್ದೆ ಇರುತ್ತಿತ್ತು. ಉಚ್ಚೆ ಚೆನ್ನಾಗಿ ಹೋಗುತ್ತಿದೆ ಅಂದುಕೊಂಡೆ. ನಾಲ್ಕನೇ ದಿನ ಮೈ ಕಾದಿತ್ತು, ಊಟ ಬಿಟ್ಟಳು, ಉಚ್ಚೆಯಲ್ಲಿ ರಕ್ತ ಬಂತು. ಡಾಕ್ಟರು ನನ್ನ ಕೈ ಹಿಡಿದು ಅವಳ ಹೊಟ್ಟೆಯ ಕೆಳಗೆ, ಹಿಂಗಾಲಿನ ಸ್ವಲ್ಪ ಮುಂದೆ ಇಟ್ಟರು. ನೀರು ತುಂಬಿದ ಬಲೂನಿನ ಹಾಗೆ ಬಿರುಸಾಗಿ ಏನೋ ಸಿಕ್ಕಿತು. ಅದು ಮೂತ್ರಕೋಶ. ಹೊರಗೆ ಬರುತ್ತಿದ್ದುದು ಉಚ್ಚೆ ಹೊಯ್ದದ್ದಲ್ಲ. ಕೊಡ ತುಂಬಿ ಅಂಚಿನಿಂದ ಚೆಲ್ಲುತ್ತದಲ್ಲ, ಹಾಗೆ ಚೆಲ್ಲುತ್ತಿದ್ದುದು. ಒಳಗೆ ನಾಲ್ಕು ದಿನದ ಉಚ್ಚೆ ನಿಂತು ಕೀವಾಗಿತ್ತು. ಬೆನ್ನು ಮುರಿದ ನಾಯಿಗಳನ್ನು ಎಷ್ಟೋ ಸಲ ಕೊಲ್ಲುವುದು ಮುರಿದ ಬೆನ್ನಲ್ಲ, ಇದು.

ಉಚ್ಚೆ ತೆಗೆಸುವುದನ್ನು ಅವತ್ತು ಕಲಿತೆ. ನಾಯಿಯನ್ನು ನಿಲ್ಲಿಸಿಕೊಂಡು ಅಥವಾ ಮಗ್ಗುಲಲ್ಲಿ ಮಲಗಿಸಿಕೊಂಡು, ಎರಡೂ ಅಂಗೈಯನ್ನು ಹೊಟ್ಟೆಯ ಎರಡು ಕಡೆ ಚಪ್ಪಟೆಯಾಗಿ ಇಡಬೇಕು. ಬೆರಳಿನ ತುದಿಯಿಂದ ಚುಚ್ಚಬಾರದು. ಮೂತ್ರಕೋಶ ಕೈಗೆ ಸಿಕ್ಕಿದ ಮೇಲೆ ನಿಧಾನವಾಗಿ, ಒಂದೇ ಸಮ ಒತ್ತುತ್ತಾ ಬಾಲದ ಕಡೆಗೆ ತರಬೇಕು. ಧಾರೆ ಶುರುವಾದರೆ ಒತ್ತು ಬಿಡಬಾರದು. ನಿಂತಿತು ಅನ್ನಿಸಿದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕೈಗೆ ಬಲೂನು ಸಿಗದಷ್ಟು ಖಾಲಿಯಾಗಬೇಕು. ದಿನಕ್ಕೆ ಮೂರು ಸಲ ಕಡ್ಡಾಯ, ನಾಲ್ಕು ಸಲ ಆದರೆ ಇನ್ನೂ ಒಳ್ಳೆಯದು. ಎಷ್ಟು ಒತ್ತಿದರೂ ಬರುತ್ತಿಲ್ಲ ಅಂದರೆ ಬಲ ಹಾಕಬೇಡಿ. ಒಳಗೆ ಒಡೆದುಹೋಗುವ ಅಪಾಯ ಇದೆ. ಡಾಕ್ಟರ ಹತ್ತಿರ ಹೋಗಿ, ಅವರು ನಳಿಕೆ ಹಾಕಿ ತೆಗೆಯುತ್ತಾರೆ. ಯಾರಾದರೂ ಕೈ ಹಿಡಿದು ತೋರಿಸದೆ ಇದನ್ನು ಓದಿ ಮಾಡಬೇಡಿ ಅಂತಲೂ ಹೇಳುತ್ತೇನೆ. ಮೊದಲ ಒಂದು ವಾರ ನನಗೆ ಮೂರು ಸಲಕ್ಕೆ ಒಂದು ಸಲವೂ ಸರಿಯಾಗಿ ಬರುತ್ತಿರಲಿಲ್ಲ, ಕೂತು ಅತ್ತಿದ್ದೂ ಇದೆ. ತಿಂಗಳ ಮೇಲೆ ಎರಡು ನಿಮಿಷದ ಕೆಲಸವಾಯಿತು. ಬಣ್ಣ, ಘಾಟು ದಿನಾ ನೋಡುತ್ತೇನೆ. ಮಬ್ಬಾದರೆ ಅವತ್ತೇ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಡುತ್ತೇನೆ.

ಕಕ್ಕಸು ಅಷ್ಟು ಕಷ್ಟವಲ್ಲ. ಊಟಕ್ಕೆ ಬೇಯಿಸಿದ ಸಿಹಿಗುಂಬಳ ಸೇರಿಸಿ, ಒದ್ದೆ ಹತ್ತಿಯಿಂದ ಗುದದ ಸುತ್ತ ಒರೆಸಿದರೆ ಸಾಮಾನ್ಯವಾಗಿ ಆಗುತ್ತದೆ.

ಚರ್ಮದ ವಿಷಯಕ್ಕೆ ಬಂದರೆ ನನ್ನ ಹೊಲಿಗೆ ಮಿಷನ್ ಕೈಹಿಡಿಯಿತು. ಹಿಂಗಾಲು ನೆಲಕ್ಕೆ ಉಜ್ಜಿ ಉಜ್ಜಿ ಪಾದದ ಮೇಲ್ಭಾಗ ಕಿತ್ತುಹೋಗುತ್ತದೆ. ನಾಯಿಗೆ ಅಲ್ಲಿ ನೋವೇ ಗೊತ್ತಾಗುವುದಿಲ್ಲ, ಮೂಳೆ ಕಾಣುವವರೆಗೂ ಎಳೆಯುತ್ತದೆ. ಮಗುವಿನ ಸಾಕ್ಸ್ ಹಾಕಿ ಜಾರದಿರಲೆಂದು ರಬ್ಬರ್ ಬ್ಯಾಂಡ್ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ, ರಕ್ತ ಓಡಾಟ ನಿಂತು ಪಾದವೇ ಕೊಳೆತುಹೋಗಬಹುದು. ನಾನು ಚೀಲ ಹೊಲಿದೆ. ಒಳಗೆ ಮೆತ್ತಗಿನ ಕಾಟನ್, ಹೊರಗೆ ಹಳೆ ಕೊಡೆಯ ಬಟ್ಟೆ. ಕೊಡೆ ಬಟ್ಟೆ ನೆಲದ ಮೇಲೆ ಜಾರುತ್ತದೆ, ಬೇಗ ಹರಿಯುವುದಿಲ್ಲ, ಒಗೆದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಸೊಂಟದಿಂದ ಕೆಳಗೆ ಪೂರ್ತಿ ಆ ಚೀಲದೊಳಗೆ, ಮೇಲೆ ಭುಜದ ಮೇಲಿಂದ ಎರಡು ಅಗಲದ ಪಟ್ಟಿ. ಬ್ಲೌಸಿಗೆ ಅಳತೆ ತೆಗೆದ ಹಾಗೇ ಎದೆ, ನಡು, ಉದ್ದ ತೆಗೆದೆ. ಮೊದಲನೆಯದು ಬಿಗಿಯಾಗಿ ಕಂಕುಳು ಕೆಂಪಾಯಿತು. ಮೂರನೆಯದು ಸರಿಹೋಯಿತು. ಚೆಲುವಿ ಅದನ್ನು ಹಾಕಿಕೊಂಡು ಮನೆಯ ಹಾಲಿನಿಂದ ಅಡುಗೆಮನೆಗೆ ಎಷ್ಟು ಜೋರಾಗಿ ಓಡುತ್ತಿದ್ದಳು ಅಂದರೆ, ನಾನು ತಟ್ಟೆ ಎತ್ತುವ ಮೊದಲೇ ಅಲ್ಲಿರುತ್ತಿದ್ದಳು. ಆದರೆ ಚೀಲ ಇಡೀ ದಿನ ಹಾಕಬಾರದು. ಒಳಗೆ ಒದ್ದೆಯಾದರೆ ಚರ್ಮ ಬೆಂದುಹೋಗುತ್ತದೆ. ಮಳೆಗಾಲದಲ್ಲಿ ನೊಣ ಕೂತರೆ ಒಂದೇ ದಿನದಲ್ಲಿ ಹುಳ. ಬೆಳಿಗ್ಗೆ ಸಂಜೆ ಬಾಲದ ಬುಡ ಎತ್ತಿ ನೋಡಲೇಬೇಕು. ಹುಳ ಕಂಡರೆ ಸೀಮೆಎಣ್ಣೆ, ಪೆಟ್ರೋಲ್ ಹಾಕಬೇಡಿ, ಮಾಂಸ ಸುಡುತ್ತದೆ.

ಗಾಲಿಬಂಡಿ ಬಂದದ್ದು ಮೂರು ತಿಂಗಳ ಮೇಲೆ. ಪಿವಿಸಿ ಪೈಪು ಕತ್ತರಿಸಿ, ಮಗುವಿನ ಹಳೆ ಸೈಕಲ್ ಗಾಲಿ ಹಾಕಿ ಪ್ಲಂಬರ್ ಅಣ್ಣ ಮಾಡಿಕೊಟ್ಟರು. ಬೆನ್ನು ನೆಲಕ್ಕೆ ಸಮವಾಗಿರಬೇಕು. ಭಾರ ಪೂರ್ತಿ ಭುಜದ ಮೇಲೆ ಬೀಳುತ್ತಿದ್ದರೆ ಗಾಲಿಯನ್ನು ಸ್ವಲ್ಪ ಮುಂದಕ್ಕೆ ತರಬೇಕು. ಶುರುವಿನಲ್ಲಿ 10 ನಿಮಿಷ ಸಾಕು. ಬಂಡಿಯಲ್ಲಿ ನಾಯಿ ಮಲಗಲಾರದು, ಅದಕ್ಕೇ ಬಂಡಿ ಕಟ್ಟಿ ಬಿಟ್ಟು ಹೋಗಬಾರದು. ಬಂಡಿ ಬೀದಿ ಸುತ್ತಲು, ಮನೆಯಲ್ಲಿ ಇರುವುದಕ್ಕಲ್ಲ.

ಆಮೇಲೆ ಬೇರೆ ಬೇರೆ ನಾಯಿಗಳು ಬಂದವು. ಒಂದು ಡ್ಯಾಶ್‌ಹೌಂಡ್‌ನ ಯಾರೋ ಟವೆಲ್ ಸಮೇತ ಬಸ್ ಸ್ಟಾಪಿನಲ್ಲಿ ಬಿಟ್ಟು ಹೋಗಿದ್ದರು. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆ ಜಾತಿಯ ನಾಯಿಗಳಿಗೆ ಬೆನ್ನು ಉದ್ದ, ಬೆನ್ನುಮೂಳೆಗಳ ನಡುವಿನ ಮೆತ್ತೆ ಜರುಗುವ ಡಿಸ್ಕ್ ತೊಂದರೆ ಜಾಸ್ತಿ. ಡಾಕ್ಟರು ಬೆರಳು ಹಿಸುಕಿದಾಗ ಅದು ತಿರುಗಿ ಕಚ್ಚಲು ಬಂತು. ನನಗೆ ಆಗ ಆದ ಸಂತೋಷ ಹೇಳಲಾರೆ! ಐದು ವಾರ ಪುಟ್ಟ ಜಾಗದಲ್ಲಿ ಕೂಡಿಹಾಕಿ ಪೂರ್ತಿ ವಿಶ್ರಾಂತಿ ಕೊಟ್ಟೆವು, ಆಮೇಲೆ ಟವೆಲ್ ಹೊಟ್ಟೆ ಕೆಳಗೆ ಹಾಕಿ ಎತ್ತಿ ಹಿಡಿದು ನಡೆಸಿದೆವು. ವಾಲುತ್ತಾ ವಾಲುತ್ತಾ ನಡೆಯಿತು. ಮೂರು ಕಾಲಿನ ನಾಯಿಗಳಿಗೆ ನಮ್ಮ ಸಹಾಯ ಅಷ್ಟೇನೂ ಬೇಡ. ಮೈಭಾರದಲ್ಲಿ ಹೆಚ್ಚು ಪಾಲು ಹೊರುವುದು ಮುಂಗಾಲು, ಅದಕ್ಕೇ ಮುಂಗಾಲು ಹೋದವು ಬೇಗ ಸುಸ್ತಾಗುತ್ತವೆ. ಇವನ್ನು ದಪ್ಪ ಆಗಲು ಬಿಡಬಾರದು, ನುಣುಪು ಟೈಲ್ಸ್ ಮೇಲೆ ಚಾಪೆ ಹಾಸಬೇಕು. ಕುರುಡು ನಾಯಿ ಇದ್ದರೆ ಮನೆಯ ಸಾಮಾನು ಜರುಗಿಸಬಾರದು. ಮೆಟ್ಟಿಲ ಮುಂದೆ ನಾರಿನ ಮ್ಯಾಟ್ ಹಾಕಿದರೆ ಪಾದಕ್ಕೆ ಗೊತ್ತಾಗುತ್ತದೆ.

ಎಲ್ಲ ಉಳಿಯಲಿಲ್ಲ. ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಬಂದ ಒಂದು ಮರಿಗೆ ದಿನಕ್ಕೆ ಹತ್ತಾರು ಸಲ ಫಿಟ್ಸ್ ಬರುತ್ತಿತ್ತು. ಮಧ್ಯೆ ಕಣ್ಣು ತೆರೆದರೆ ನನ್ನ ಗುರುತು ಸಿಗುತ್ತಿರಲಿಲ್ಲ. ಚೆಲುವಿಗೆ ಬೇಡ ಅಂದ ಇಂಜೆಕ್ಷನ್ನಿಗೆ ಆ ಮರಿಗೆ ನಾನೇ ಒಪ್ಪಿದೆ. ತೊಡೆಯ ಮೇಲೆ ಇಟ್ಟುಕೊಂಡೇ ಇದ್ದೆ.

ಮನೆ ಹುಡುಕುವುದಕ್ಕೆ ನಾನು ಬಂಡಿಯ ಫೋಟೋ ಹಾಕುವುದಿಲ್ಲ. ಹಾಕಿದರೆ ನೂರು ಫೋನು ಬರುತ್ತವೆ, ನೂರೂ "ಅಯ್ಯೋ ಪಾಪ". ಮೊದಲ ಸಲ ಹಾಗೆ ಬಂದ ಒಂದು ಕುಟುಂಬಕ್ಕೆ ಚೆಲುವಿಯನ್ನು ಕೊಟ್ಟೆ. ಹನ್ನೊಂದನೇ ದಿನ ವಾಪಸ್ ತಂದರು. ರಾತ್ರಿ ವಾಸನೆ ಬರುತ್ತದೆ, ಊರಿಗೆ ಹೋಗಲಾಗುವುದಿಲ್ಲ ಅಂದರು. ತಪ್ಪು ನನ್ನದು. ಉಚ್ಚೆಯ ವಿಷಯ ಮೆಲ್ಲಗೆ ಮುಚ್ಚಿ ಹೇಳಿದ್ದೆ, ಎಲ್ಲಿ ಬೇಡ ಅಂದುಬಿಡುತ್ತಾರೋ ಅಂತ. ಈಗ ಮೊದಲು ಹೇಳುವುದೇ ಅದು. ನಾಯಿ ಬೇಕು ಅನ್ನುವವರು ಒಂದು ವಾರ ದಿನಾ ನಮ್ಮ ಮನೆಗೆ ಬರಬೇಕು. ತಮ್ಮ ಕೈಯಾರೆ ತೆಗೆಸಬೇಕು. ಮನೆಯಲ್ಲಿ ಎರಡನೆಯ ಒಬ್ಬರಿಗೂ ಬರಬೇಕು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಬೇಕಲ್ವಾ. ಹೆಚ್ಚಿನವರು ಎರಡನೇ ದಿನ ಬರುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾರದಿದ್ದುದೇ ನಾಯಿಗೆ ಒಳ್ಳೆಯದಾಯಿತು.

ಶ್ರೀರಂಗಪಟ್ಟಣದ ಕಡೆಯ ಒಬ್ಬ ಅಂಗಡಿ ಹುಡುಗ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಆ ಅಮ್ಮ ಕೂತು ನಾನು ಮಾಡುವುದನ್ನು ಒಂದು ಸಲ ನೋಡಿದರು. ಆಮೇಲೆ ಬಳೆ ಹಿಂದಕ್ಕೆ ಸರಿಸಿ, ಚೆಲುವಿಯನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡು ಅಂಗೈ ಇಟ್ಟರು. ಮೊದಲ ಸಲಕ್ಕೇ ಧಾರೆ ಬಂತು. ನಾನು ಬೆರಗಾಗಿ ನೋಡಿದೆ. "ಇಷ್ಟೇಯಾ ಕಣವ್ವ? ನಮ್ಮತ್ತೆ ಹಾಸಿಗೆ ಹಿಡಿದಿದ್ರು, ಮೂರ್ ವರ್ಸ ನಾನೇ ನೋಡ್ಕಂಡಿವ್ನಿ" ಅಂದರು. ಮಗ್ಗುಲು ಯಾವಾಗ ಬದಲಾಯಿಸಬೇಕು, ಬಟ್ಟೆಯ ಮಡಿಕೆ ಒತ್ತಿದರೆ ಹೇಗೆ ಹುಣ್ಣಾಗುತ್ತದೆ, ಯಾವುದನ್ನೂ ನಾನು ಹೇಳಬೇಕಾಗಲಿಲ್ಲ. ಆದರೂ ಏಳೂ ದಿನ ಬಂದರು, ಮಗನೂ ಕಲಿತ.

ಕಳಿಸುವಾಗ ನಾಲ್ಕು ಚೀಲ, ಎರಡು ರೆಕ್ಸಿನ್ ಹಾಸು, ಡಾಕ್ಟರ ಚೀಟಿಗಳು, ಬಂಡಿ ಕೊಟ್ಟೆ. ಮೊದಲ ತಿಂಗಳು ದಿನಾ ರಾತ್ರಿ ಫೋನ್ ಬರುತ್ತಿತ್ತು. "ಬೆಳಿಗ್ಗೆ ಆರು, ಮಧ್ಯಾನ ಒಂದು, ಈಗ ಒಂಬತ್ತು. ತಿಳಿಯಾಗಿ ಅದೆ, ಘಾಟಿಲ್ಲ ಕಣವ್ವ." ಬಂಡಿಯ ವಿಷಯ ಕೇಳಿದೆ. ಅದನ್ನು ಸಂಜೆ ಹೊಳೆ ಕಡೆ ಹೋಗುವಾಗ ಮಾತ್ರ ಕಟ್ಟುತ್ತಾರಂತೆ.