ತರ್ರಗೋನದಲ್ಲಿ ಅಪ್ಪನ ಜೊತೆ ಮೂರು ದಿನ

ಸ್ಪೇನ್‌ಗೆ ಹೋದವರಲ್ಲಿ ಬಹಳ ಜನ ತರ್ರಗೋನವನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ಬಾರ್ಸಿಲೋನಾದಿಂದ ರೈಲು, ಒಂದಷ್ಟು ಫೋಟೋ, ಸಂಜೆ ವಾಪಸ್. ನಾನೂ ಹಾಗೇ ಯೋಚಿಸಿದ್ದೆ. ಆಮೇಲೆ ಅಪ್ಪ ಬರುತ್ತೇನೆ ಅಂದರು. ಅವರಿಗೆ 71, ಮಂಡಿ ನೋವು ಬೇರೆ. ಓಡಿಸಿ ಸುಸ್ತು ಮಾಡುವುದು ಬೇಡ ಅಂತ ಅಲ್ಲೇ ಮೂರು ರಾತ್ರಿಗೆ ರೂಮ್ ಮಾಡಿದೆ. ಅಪ್ಪನ ಮಂಡಿಯ ಸಲುವಾಗಿ ಹಾಗೆ ಮಾಡಿದ್ದು. ಆದರೆ ಅದರಿಂದಲೇ ಆ ಊರು ನಮಗೆ ಸಿಕ್ಕಿತು.

ಮೊದಲು ಹೋಗುವ ದಾರಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಡವುವುದು ಸುಲಭ. ಬಾರ್ಸಿಲೋನಾದ ಸಾಂಟ್ಸ್ ಸ್ಟೇಷನ್‌ನಿಂದ ಎರಡು ತರಹದ ರೈಲು ಇವೆ. ಫಾಸ್ಟ್ ರೈಲು ಬೇಗ ತಲುಪುತ್ತದೆ ನಿಜ, ಆದರೆ ಅದು ಇಳಿಸುವುದು 'ಕಾಂಪ್ ದೆ ತರ್ರಗೋನ' ಎಂಬ ಸ್ಟೇಷನ್‌ನಲ್ಲಿ. ಅದು ಊರಿನಿಂದ ಸುಮಾರು 10 ಕಿ.ಮೀ. ಆಚೆ ಇದೆ. ಬರೀ 'ತರ್ರಗೋನ' ಅಂತ ಇರುವ ಸ್ಟೇಷನ್ ಸಮುದ್ರದ ಪಕ್ಕದಲ್ಲೇ ಇದೆ. ಮಾಮೂಲಿ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ನಾವು ಅದರಲ್ಲೇ ಹೋದೆವು. ಎಡಗಡೆ ಕಿಟಕಿ ಹಿಡಿದು ಕೂತರೆ ದಾರಿಯಲ್ಲಿ ಸುಮಾರು ಹೊತ್ತು ಸಮುದ್ರ ಕಾಣುತ್ತದೆ.

ಹಳೇ ಊರು ಇರುವುದು ಗುಡ್ಡದ ಮೇಲೆ. ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಕಡೆಯವರ ವಿರುದ್ಧ ಯುದ್ಧಕ್ಕೆ ಬಂದ ರೋಮಿನ ದಂಡನಾಯಕ ಸ್ಕಿಪಿಯೋ ಇಲ್ಲಿ ದಂಡು ಬಿಟ್ಟ. ಕೆಳಗೆ ಹಡಗು ನಿಲ್ಲುವ ಬಂದರು, ಮೇಲೆ ಕಾವಲು. ಮುಂದೆ ಇದು ತಾರಾಕೋ ಎಂಬ ಹೆಸರಿನಲ್ಲಿ ರೋಮನ್ ಪ್ರಾಂತ್ಯವೊಂದರ ದೊಡ್ಡ ರಾಜಧಾನಿ ಆಯಿತು. ಚಕ್ರವರ್ತಿ ಅಗಸ್ಟಸ್ ಕೂಡ ಸ್ವಲ್ಪ ಕಾಲ ಇಲ್ಲಿಂದಲೇ ಆಡಳಿತ ನಡೆಸಿದ. ಗುಡ್ಡವನ್ನು ಮೂರು ಮೆಟ್ಟಿಲಾಗಿ ಕಡಿದು, ಮೇಲೆ ದೇವಸ್ಥಾನ, ಮಧ್ಯೆ ದೊಡ್ಡ ಅಂಗಳ, ಕೆಳಗೆ ರಥದ ಓಟದ ಸರ್ಕಸ್ ಕಟ್ಟಿದ್ದರು. ಇದೊಂದು ನಕ್ಷೆ ತಲೆಯಲ್ಲಿದ್ದರೆ ಸಾಕು, ಎಲ್ಲಿ ನಿಂತರೂ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಆ ದೇವಸ್ಥಾನದ ಜಾಗದಲ್ಲಿ ಈಗ ಕೆಥೆಡ್ರಲ್ ಇದೆ.

ಮೊದಲ ಸಂಜೆ ಪ್ಲಾಸಾ ದೆ ಲಾ ಫಾಂಟ್ ಎಂಬ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಮಕ್ಕಳು ಚೆಂಡು ಒದೆಯುತ್ತಿದ್ದರು. ಅಜ್ಜಿಯರು ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ಎದುರಿಗೆ ಪುರಸಭೆ ಕಟ್ಟಡ. ನಾನು ಅಪ್ಪನಿಗೆ ಹೇಳಿದೆ, "ಅಪ್ಪಾ, ನಾವು ಕೂತಿರೋದು ರಥ ಓಡ್ತಾ ಇದ್ದ ಜಾಗದಲ್ಲೇ." ಅವರು ಸುತ್ತ ನೋಡಿದರು. "ಮತ್ತೆ ಜನ ಕೂರ್ತಿದ್ದದ್ದು?" ಅಂದರು. ಅದಕ್ಕೆ ಉತ್ತರ ಪಕ್ಕದ ಹೋಟೆಲ್ ಒಳಗೇ ಇತ್ತು. ಊಟದ ಮೇಜುಗಳ ಹಿಂದೆ ಕಲ್ಲಿನ ಕಮಾನು. ಒಂದು ಕಾಲಕ್ಕೆ ಅದರ ಮೇಲೆಯೇ ಜನ ಕೂತು ಓಟ ನೋಡುತ್ತಿದ್ದರು. ಆ ಕಮಾನುಗಳಿಗೆ ಆಮೇಲಿನ ಶತಮಾನಗಳಲ್ಲಿ ಜನ ಗೋಡೆ ಸೇರಿಸಿದರು, ಬಾಗಿಲಿಟ್ಟರು, ಮನೆ ಅಂಗಡಿ ಮಾಡಿಕೊಂಡರು. ಇವತ್ತೂ ಅಲ್ಲಿ ಯಾರೋ ಬಟ್ಟೆ ಒಣಗಿಸುತ್ತಾರೆ, ಯಾರೋ ಬೆಳ್ಳುಳ್ಳಿ ಸುಲಿಯುತ್ತಾರೆ. ನನಗೆ ತರ್ರಗೋನ ಇಷ್ಟವಾಗಿದ್ದೇ ಇದಕ್ಕೆ. ಹಳೆಯದನ್ನು ಬೇಲಿ ಹಾಕಿ ದೂರ ಇಟ್ಟಿಲ್ಲ. ಅದರೊಳಗೆ ಸಂಸಾರ ಮಾಡುತ್ತಿದ್ದಾರೆ.

ಸರ್ಕಸ್‌ನ ಉಳಿದ ಭಾಗಕ್ಕೆ ಟಿಕೆಟ್ ಇದೆ. ನೆಲದಡಿಯ ಉದ್ದನೆಯ ಕಮಾನು ದಾರಿಯಲ್ಲಿ ಹೊರಗೆ ಎಷ್ಟು ಬಿಸಿಲಿದ್ದರೂ ತಣ್ಣಗಿರುತ್ತದೆ. ಪಕ್ಕದ ಪ್ರೆಟೋರಿ ಎಂಬ ಗೋಪುರಕ್ಕೆ ಲಿಫ್ಟ್ ಇದೆ, ಮಂಡಿ ನೋವಿನವರಿಗೆ ದೊಡ್ಡ ಉಪಕಾರ. ಅದರೊಳಗೆ ಅಮೃತಶಿಲೆಯ ಒಂದು ಶವಪೆಟ್ಟಿಗೆ ನೋಡಿದೆವು. ಮೈತುಂಬ ಗ್ರೀಕ್ ಪುರಾಣದ ಹಿಪ್ಪಾಲಿಟಸ್ ಕಥೆಯ ಕೆತ್ತನೆ. ಅದು 1948ರಲ್ಲಿ ಹತ್ತಿರದ ಸಮುದ್ರದೊಳಗೆ ಸಿಕ್ಕಿದ್ದಂತೆ. ಒಂದು ವಿಷಯ ನೆನಪಿಡಿ: ಇಂಥ ಜಾಗಗಳು ಸೋಮವಾರ ಮುಚ್ಚಿರುತ್ತವೆ. ಆ ದಿನವನ್ನು ಬೀಚಿಗೆ ಇಟ್ಟುಕೊಳ್ಳಿ.

ಎರಡನೇ ದಿನ ಬೆಳಿಗ್ಗೆ ಬೇಗ ಆಂಫಿಥಿಯೇಟರ್‌ಗೆ, ಅಂದರೆ ಸುತ್ತ ಮೆಟ್ಟಿಲಿರುವ ರೋಮನ್ನರ ಕಾದಾಟದ ಕಣಕ್ಕೆ, ಹೋದೆವು. ಗುಡ್ಡದ ಇಳಿಜಾರಿನಲ್ಲಿ, ಸಮುದ್ರಕ್ಕೆ ಎದುರಾಗಿದೆ. ಕೆಲವು ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ. ಮಧ್ಯದ ಕಣ ನೋಡಿದರೆ ಮೊದಲಿಗೆ ಅರ್ಥವಾಗುವುದಿಲ್ಲ, ಅಲ್ಲಿ ಒಂದು ಚರ್ಚಿನ ಗೋಡೆಗಳೂ ಇವೆ. ಕ್ರಿ.ಶ. 259ರಲ್ಲಿ ಬಿಷಪ್ ಫ್ರುಕ್ತುವೋಸಸ್ ಮತ್ತು ಅವರ ಇಬ್ಬರು ಸಹಾಯಕರನ್ನು ಇದೇ ಕಣದಲ್ಲಿ ಜೀವಂತ ಸುಟ್ಟರು. ಅವರ ನೆನಪಿಗೆ ಮುಂದೆ ಅಲ್ಲೇ ಚರ್ಚ್ ಎದ್ದಿತು. ಅದರ ಮೇಲೆ 12ನೇ ಶತಮಾನದಲ್ಲಿ ಇನ್ನೊಂದು. 19ನೇ ಶತಮಾನದಲ್ಲಿ ಈ ಜಾಗ ಬಂದರು ಕಟ್ಟುವ ಕೈದಿಗಳ ಜೈಲಾಗಿತ್ತು. ಜನ ಮೃಗಗಳ ಕಾದಾಟ ನೋಡಿ ಕೂಗುತ್ತಿದ್ದ ಜಾಗದಲ್ಲಿ ಪ್ರಾರ್ಥನೆ, ಆಮೇಲೆ ಕೈಕೋಳ. ಮೇಲಿನ ಮೆಟ್ಟಿಲಲ್ಲಿ ಕೂತು ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದ ಕಲ್ಲಿನ ಮೇಲೆ ಬೆರಳಾಡಿಸುತ್ತಾ, "ನೋಡೇ ಪುಟ್ಟಿ, ಚಿಪ್ಪು" ಅಂದರು. ನಿಜ, ಜೇನಿನ ಬಣ್ಣದ ಆ ಕಲ್ಲಿನಲ್ಲಿ ಉಗುರಿನಷ್ಟು ಚಿಕ್ಕ ಕಪ್ಪೆಚಿಪ್ಪಿನ ಗುರುತುಗಳು. ಊರಿನ ಹೊರಗಿನ ಮೇದೋಲ್ ಗಣಿಯಿಂದ ರೋಮನ್ನರು ತಂದ ಕಲ್ಲು ಇಂಥದ್ದೇ. ಹತ್ತಾರು ಲಕ್ಷ ವರ್ಷ ಹಿಂದೆ ಅದೂ ಸಮುದ್ರದ ತಳವೇ ಆಗಿತ್ತು.

ಕೋಟೆ ಗೋಡೆಯ ಪಕ್ಕದ ನಡಿಗೆ ದಾರಿಗೆ ಒಂದು ಗಂಟೆ ಸಾಕು. ಸುಮಾರು 1,100 ಮೀಟರ್ ಗೋಡೆ ಉಳಿದಿದೆ. ಬುಡದಲ್ಲಿ ಆನೆ ಗಾತ್ರದ ಒರಟು ಬಂಡೆಗಳು, ಮೇಲೆ ನಯವಾಗಿ ಕೆತ್ತಿದ ಕಲ್ಲು. ನೆರಳಿದೆ, ಬೆಂಚಿದೆ.

ಮೂರನೇ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅಪ್ಪ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಭದ್ರಾ ನಾಲೆಯ ಕೆಲಸದಲ್ಲಿ ವರ್ಷಗಟ್ಟಲೆ ಇದ್ದರು. ತರ್ರಗೋನಕ್ಕೆ ನೀರು ತರುತ್ತಿದ್ದ ರೋಮನ್ ಮೇಲ್ಗಾಲುವೆ ಊರಿನಿಂದ ಸುಮಾರು 4 ಕಿ.ಮೀ. ದೂರದ ಪೈನ್ ಕಾಡಿನಲ್ಲಿದೆ. ಹೆಸರು ಪಾಂಟ್ ದೆಲ್ ದಿಯಾಬ್ಲೆ, ಅಂದರೆ ದೆವ್ವದ ಸೇತುವೆ. ಸಿಟಿ ಬಸ್ ಹೋಗುತ್ತದೆ, ನಾವು ಟ್ಯಾಕ್ಸಿ ಮಾಡಿಕೊಂಡೆವು. ಟಿಕೆಟ್ ಇಲ್ಲ, ಗೇಟ್ ಇಲ್ಲ. ಮರಗಳ ಮಧ್ಯೆ ಸ್ವಲ್ಪ ನಡೆದರೆ ತಟ್ಟನೆ ಎದುರಿಗೆ ನಿಲ್ಲುತ್ತದೆ. ಎರಡು ಸಾಲು ಕಮಾನು, ಕೆಳಗೆ 11, ಮೇಲೆ 25. ಉದ್ದ 217 ಮೀಟರ್, ಎತ್ತರ 27 ಮೀಟರ್.

ಅಪ್ಪ ಫೋಟೋ ತೆಗೆಯಲಿಲ್ಲ. ಸೀದಾ ಒಂದು ಕಂಬದ ಹತ್ತಿರ ಹೋಗಿ ಎರಡು ಕಲ್ಲಿನ ಸಂದಿಗೆ ಉಗುರು ತೂರಿಸಿ ನೋಡಿದರು. "ಗಾರೆನೇ ಇಲ್ಲ ಕಣೆ" ಅಂದರು. ಬರೀ ಕಲ್ಲಿನ ಮೇಲೆ ಕಲ್ಲು. ಭಾರಕ್ಕೇ ಕೂತಿದೆ. ಕಮಾನು ಶುರುವಾಗುವ ಕಡೆ ಕಲ್ಲುಗಳು ಸ್ವಲ್ಪ ಹೊರಗೆ ಚಾಚಿಕೊಂಡಿದ್ದವು. ಅದನ್ನು ತೋರಿಸಿ, "ಸೆಂಟರಿಂಗ್ ಮರ ಇದರ ಮೇಲೆ ಇಟ್ಟಿರ್ತಾರೆ. ನೆಲದಿಂದ ಕಂಬ ಕೊಡೋ ಖರ್ಚು ಉಳೀತು" ಅಂದರು. ಆಮೇಲೆ ಮೇಲಕ್ಕೆ ಹೋದೆವು. ನೀರು ಹರಿಯುತ್ತಿದ್ದ ಕಾಲುವೆಯ ಒಳಗೇ ನಡೆದು ಆಚೆ ದಡ ಸೇರಬಹುದು. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ಒತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಅಪ್ಪ ಮುಂದೆ, ನಾನು ಹಿಂದೆ. ಅವರು ಎರಡೂ ಕೈ ಎರಡು ಗೋಡೆಗೆ ಸವರುತ್ತಾ ನಿಧಾನಕ್ಕೆ ನಡೆದರು. ಮಧ್ಯಕ್ಕೆ ಬಂದಾಗ ನಿಂತು ಹಿಂದಕ್ಕೂ ಮುಂದಕ್ಕೂ ನೋಡಿದರು. "ಇಳಿಜಾರು ಕಣ್ಣಿಗೆ ಗೊತ್ತೇ ಆಗಲ್ಲ. ಅದೇ ಕಷ್ಟದ ಕೆಲಸ. ಜಾಸ್ತಿ ಕೊಟ್ರೆ ಕಾಲುವೆ ಕೊಚ್ಚಿಹೋಗುತ್ತೆ, ಕಮ್ಮಿ ಕೊಟ್ರೆ ಹೂಳು." ಆ ಮಾತು ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ಪ್ರವಾಸಿಯ ಆಶ್ಚರ್ಯ ಅಲ್ಲ. ತನ್ನದೇ ಕೆಲಸ ಮಾಡಿದ ಹಿರಿಯರನ್ನು ಭೇಟಿಯಾದ ಗೌರವ.

ಊಟದ ವಿಷಯ. ನಾವು ಸಸ್ಯಾಹಾರಿಗಳು, ಅದು ಮೀನಿನ ಊರು. ಆದರೂ ಉಪವಾಸ ಬೀಳಲಿಲ್ಲ. ಸುಟ್ಟ ಬ್ರೆಡ್ಡಿಗೆ ಹಣ್ಣು ಟೊಮ್ಯಾಟೊ ಉಜ್ಜಿ ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ, ಅದು 'ಪಾ ಅಂಬ್ ತುಮಾಕೆಟ್'. ಬದನೆಕಾಯಿ, ಕೆಂಪು ದೊಣ್ಣೆಮೆಣಸು ಸುಟ್ಟು ಸಿಪ್ಪೆ ತೆಗೆದು ಮಾಡುವ 'ಎಸ್ಕಲಿವಾದಾ' ಇದೆ. ಎಸ್ಕಲಿವಾದಾ ಮೇಲೆ ಮೀನು ಇಡುವುದೂ ಉಂಟು, ಮೊದಲೇ ಕೇಳಿ. 'ರೊಮೆಸ್ಕೊ' ಈ ಕಡೆಯದ್ದೇ ಚಟ್ನಿ: ಬಾದಾಮಿ, ಹೇಜಲ್ ನಟ್, ಒಣಮೆಣಸು, ಬೆಳ್ಳುಳ್ಳಿ, ಎಣ್ಣೆ. ಖಾರ ಇಲ್ಲ, ರುಚಿ ಇದೆ. ಅಪ್ಪ ಅದನ್ನು ಬರೀ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ಅಲ್ಲಿನವರ ಮಾತು ಕಟಲಾನ್. 'ಬಾನ್ ದೀಯಾ', 'ಗ್ರಾಸೀಸ್' ಅಂತ ಎರಡು ಮಾತು ಕಲಿತು ಹೋಗಿ. ಅವರ ಊರಲ್ಲಿ ಅವರ ಭಾಷೆ ಆಡಿದರೆ ಮುಖ ಅರಳುತ್ತದೆ. ನಮ್ಮೂರಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ನಮಗೂ ಹಾಗೇ ಅಲ್ವಾ?

ಬೀಚು ಹಲವಿವೆ. ಈಜಲು, ಮರಳಲ್ಲಿ ಮಲಗಲು ಅರ್ರಬಸ್ಸಾದಾ ಚೆನ್ನಾಗಿದೆ. ಊರಿಗೆ ಅಂಟಿಕೊಂಡಿರುವುದು ಮಿರಾಕ್ಲೆ ಬೀಚ್, ಆಂಫಿಥಿಯೇಟರ್ ಕೆಳಗೇ. ಕಣದಲ್ಲಿದ್ದ ಚರ್ಚಿನ ಹೆಸರೇ ಅದಕ್ಕೂ. ನಡುವೆ ರೈಲು ಹಳಿ ಇದೆ, ಹಾಗಾಗಿ ಸ್ವಲ್ಪ ಸುತ್ತಿ ಇಳಿಯಬೇಕು. ದೂರದಲ್ಲಿ ಬಂದರಿಗೆ ಕಾಯುತ್ತಿರುವ ದೊಡ್ಡ ಹಡಗುಗಳು ಕಾಣುತ್ತವೆ. ಕೆಲವರಿಗೆ ಅದು ಇಷ್ಟ ಆಗಲ್ಲ. ನನಗೆ ಇಷ್ಟವಾಯಿತು. ಎರಡು ಸಾವಿರ ವರ್ಷ ಹಿಂದೆಯೂ ಇಲ್ಲಿ ನಿಂತವರು ಹಡಗನ್ನೇ ನೋಡುತ್ತಿದ್ದರು.

ಕೊನೆಯ ಸಂಜೆ ಅಲ್ಲಿಗೇ ಹೋದೆವು. ಜೂನ್ ಮೊದಲ ವಾರ, ನೀರು ಇನ್ನೂ ತಣ್ಣಗಿತ್ತು. ಅಪ್ಪ ಪ್ಯಾಂಟ್ ಮಡಚಿ ಮಂಡಿವರೆಗೆ ಇಳಿದರು. "ನೋವಿಗೆ ಹಿತವಾಗಿದೆ" ಅಂದರು. ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಊರಿನ ಕಡೆ ತಿರುಗಿ ನಿಂತರು. ಮೇಲೆ ಗೋಪುರ, ಅದರ ಕೆಳಗೆ ಸಂಜೆ ಬಿಸಿಲಿಗೆ ಹಳದಿಯಾದ ಕಲ್ಲು. ಅಷ್ಟರಲ್ಲಿ ಬಾರ್ಸಿಲೋನಾ ಕಡೆಯ ರೈಲು ನಮ್ಮ ಮತ್ತು ಆ ಕಲ್ಲುಗಳ ನಡುವೆ ಹಾದುಹೋಯಿತು. "ನಾಳೆ ನಮ್ಮದು ಎಷ್ಟು ಗಂಟೆಗೆ?" ಅಂತ ಅಪ್ಪ ಕೇಳಿದರು. ಹತ್ತೂವರೆಗೆ ಅಂದೆ. "ಹಾಗಾದ್ರೆ ಬೆಳಿಗ್ಗೆ ಇನ್ನೊಂದು ಸಲ ಬರಬಹುದು" ಅಂದರು.