ಶಾಲೆಯ ಬೆಂಚಿನಲ್ಲಿ ಐ ಟ್ರ್ಯಾಕರ್: ಓದುವ ಕಣ್ಣನ್ನು ಅಳೆಯುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಓದುವಾಗ ಅವರ ಕಣ್ಣು ಸಾಲಿನ ಮೇಲೆ ಹೇಗೆ ಓಡುತ್ತದೆ ಎಂದು ನೋಡುವುದು ನನ್ನ ಕೆಲಸ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಇಂಥ ಮಕ್ಕಳನ್ನು ದೂರದ ಲ್ಯಾಬಿಗೆ ಕರೆದೊಯ್ದು, ಗದ್ದವನ್ನು ಸ್ಟ್ಯಾಂಡಿಗೆ ಊರಿಸಿ ಕೂರಿಸಿದರೆ ಓದುವುದಕ್ಕಿಂತ ಹೆದರುವುದೇ ಹೆಚ್ಚು. ಹಾಗಾಗಿ ಕನ್ನಡಕದ ಹಾಗೆ ಹಾಕಿಕೊಳ್ಳುವ ಮೊಬೈಲ್ ಐ ಟ್ರ್ಯಾಕರನ್ನೇ (ನೋಟ ಎಲ್ಲಿ ಬೀಳುತ್ತದೆ ಎಂದು ದಾಖಲಿಸುವ ಉಪಕರಣ) ಬದಿಯಡ್ಕ, ಪೆರ್ಲ ಕಡೆಯ ಶಾಲೆಗಳಿಗೆ ಹೊತ್ತುಕೊಂಡು ಹೋಗುತ್ತೇನೆ. ಇದನ್ನು ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು "ಯಾವ ಕಂಪೆನಿಯದ್ದು ತಗೊಳ್ಳಲಿ?" ಎಂದು. ಅದಕ್ಕೂ ಮೊದಲು ಒಂದು ಸ್ಕೇಲು ತಗೊಳ್ಳಿ ಮಾರಾಯ್ರೆ.

ಈ ಉಪಕರಣಗಳ ನಿಖರತೆಯನ್ನು ನೋಟದ ಕೋನದ ಡಿಗ್ರಿಯಲ್ಲಿ ಹೇಳುತ್ತಾರೆ. ಕಂಪೆನಿಯ ಹಾಳೆಯಲ್ಲಿ ಏನೇ ಬರೆದಿರಲಿ, ಶಾಲೆಯ ಬೆಂಚಿನಲ್ಲಿ ಒಂದು ಡಿಗ್ರಿ ಆಚೀಚೆ ಆಗುತ್ತದೆ ಎಂದೇ ಇಟ್ಟುಕೊಳ್ಳಿ. ಕಣ್ಣಿನಿಂದ 40 ಸೆಂ.ಮೀ. ದೂರದ ಪುಟದಲ್ಲಿ ಒಂದು ಡಿಗ್ರಿ ಎಂದರೆ 7 ಮಿ.ಮೀ. 14 ಪಾಯಿಂಟಿನಲ್ಲಿ ಅಚ್ಚಾದ ಕನ್ನಡದ ಅಕ್ಷರ ಸುಮಾರು 5 ಮಿ.ಮೀ. ಅಗಲ. ಲೆಕ್ಕ ಇಷ್ಟೇ: ಪಠ್ಯಪುಸ್ತಕದ ಪುಟ ಕೊಟ್ಟು "ಮಗು ಯಾವ ಅಕ್ಷರದಲ್ಲಿ ತಡವರಿಸಿತು" ಎಂದು ಕೇಳಿದರೆ ಯಂತ್ರ ಕೊಡುವ ಉತ್ತರವನ್ನು ನಂಬುವ ಹಾಗಿಲ್ಲ. ಯಾವ ಪದ, ಯಾವ ಸಾಲು ಎಂದು ಕೇಳಿ. ಅದಕ್ಕೂ ಪುಟವನ್ನು ಹೊಸದಾಗಿ ಟೈಪ್ ಮಾಡಲೇಬೇಕು. ನಾನು 24 ಪಾಯಿಂಟಿನಲ್ಲಿ, ಸಾಲಿನಿಂದ ಸಾಲಿಗೆ 2 ಸೆಂ.ಮೀ.ಗಿಂತ ಕಡಿಮೆಯಾಗದ ಹಾಗೆ, ಪುಟಕ್ಕೆ ಆರೇಳು ಸಾಲು ಇಡುತ್ತೇನೆ. ಕನ್ನಡದಲ್ಲಿ ಒತ್ತಕ್ಷರ ಕೆಳಕ್ಕಿಳಿಯುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮಗು ನೋಡಿದ್ದು ಮೇಲಿನ ಸಾಲಿನ ಒತ್ತನ್ನೋ ಕೆಳಗಿನ ಸಾಲಿನ ತಲೆಕಟ್ಟನ್ನೋ ಎಂದು ಆಮೇಲೆ ಯಾರಿಂದಲೂ ಹೇಳಲಾಗದು.

ಅಕ್ಷರದ ಮಟ್ಟಕ್ಕೇ ಇಳಿಯುವ ಆಸೆಯಿದ್ದರೆ ಬೇರೆ ಪ್ರಯೋಗ ಮಾಡಿ. ಅರ್ಕಾವೊತ್ತು ಅದಕ್ಕೆ ಒಳ್ಳೆಯ ವಿಷಯ. ‘ಕರ್ತವ್ಯ’ ಎನ್ನುವಾಗ ನಾಲಗೆಗೆ ರ್ ಮೊದಲು, ಕಾಗದದಲ್ಲಿ ಅದು ತಕಾರದ ಬಲಕ್ಕೆ. ಕಣ್ಣು ಮುಂದೆ ಹೋಗಿ ಹಿಂದೆ ಬರುತ್ತದೆಯೇ? ತಿಳಿಯಬೇಕಾದರೆ ಕಾರ್ಡಿಗೊಂದೇ ಪದ, ಅಕ್ಷರವೊಂದಕ್ಕೆ 2 ಸೆಂ.ಮೀ. ಅಗಲ. ಆದರೆ ಅದು ಪದ ನೋಡುವುದಾಯಿತು. ಪುಟ ಓದುವುದರ ಜೊತೆ ಅದನ್ನು ಬೆರೆಸಬೇಡಿ.

ವೇಗದ ವಿಷಯ ಚುಟುಕಾಗಿ. ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಯುತ್ತದೆ, ನಿಲ್ಲುತ್ತದೆ. ಇಂಗ್ಲಿಷ್ ಮೌನ ಓದಿನಲ್ಲಿ ಒಂದು ನಿಲುಗಡೆ ಸರಾಸರಿ 200–250 ಮಿಲಿಸೆಕೆಂಡು, ಜಿಗಿತ 20–40 ಮಿಲಿಸೆಕೆಂಡು. 50 ಹರ್ಟ್ಸಿನ ಕನ್ನಡಕ 20 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ: ನಿಲುಗಡೆಗೆ ಹತ್ತು ಹನ್ನೆರಡು ಬಿಂದು ಸಿಗುತ್ತವೆ, ಜಿಗಿತಕ್ಕೆ ಒಂದೆರಡು. ಹಾಗಾಗಿ ನಿಲುಗಡೆ ಎಣಿಸಲು ಅದು ಸಾಕು, ಜಿಗಿತದ ವೇಗ ಅಳೆಯಲು ಸಾಲದು. 200 ಹರ್ಟ್ಸಿನದು ಸಿಕ್ಕಿದರೆ ಬಿಡಬೇಡಿ. ಇಂಗ್ಲಿಷಿನ ಅಂಕಿಗಳನ್ನು ನಮ್ಮ ಮಕ್ಕಳ ಗಟ್ಟಿ ಓದಿಗೆ ಅಳತೆಗೋಲು ಮಾಡುವುದೂ ಬೇಡ. ಗಟ್ಟಿಯಾಗಿ ಓದುವಾಗ ಕಣ್ಣು ಸ್ವರಕ್ಕಿಂತ ಮುಂದಿರುತ್ತದೆ, ನಿಲುಗಡೆಯೂ ಉದ್ದವಾಗುತ್ತದೆ.

ಇನ್ನು ಕೋಣೆ. ನಿಜವಾದ ಕೆಲಸ ಇರುವುದು ಇಲ್ಲೇ. ಕನ್ನಡಕದ ಪುಟ್ಟ ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಪಾಪೆಯನ್ನು ಹುಡುಕುತ್ತವೆ. ಬಿಸಿಲಿನಲ್ಲಿ ಅದೇ ಇನ್‌ಫ್ರಾರೆಡ್ ರಾಶಿ ಇದೆ. ನಮ್ಮ ಹಳೆಯ ಶಾಲೆಗಳ ಮಾಡಿನಲ್ಲಿ ಹಂಚುಗಳ ನಡುವೆ ಒಂದೆರಡು ಗಾಜಿನ ಹಂಚು ಇರುತ್ತವಲ್ಲ, ಅವುಗಳಿಂದ ಬೀಳುವ ಬಿಸಿಲಿನ ಚೌಕ ಹತ್ತು ಗಂಟೆಗೆ ಗೋಡೆಯಲ್ಲಿದ್ದರೆ ಹನ್ನೊಂದಕ್ಕೆ ಬೆಂಚಿಗೇ ಬಂದಿರುತ್ತದೆ. ಹಿಂದಿನ ದಿನವೇ ಹೋಗಿ ಅದು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ನೋಡಿ ಬೆಂಚು ಇಡಿ. ಎಲ್‌ಇಡಿ ದೀಪ, ಟ್ಯೂಬ್‌ಲೈಟ್ ಪರವಾಗಿಲ್ಲ. ಹಳೆಯ ಬಲ್ಬು ಬೇಡ.

ಕಾಡಿಗೆ ಹಚ್ಚಿಕೊಂಡು ಬರಬೇಡಿ ಎಂದು ಹೆಣ್ಣುಮಕ್ಕಳಿಗೆ ಮೊದಲೇ ಹೇಳಿ. ಕ್ಯಾಮೆರಾ ಹುಡುಕುವುದು ಕಪ್ಪು ದುಂಡನ್ನು. ರೆಪ್ಪೆಯ ಅಂಚಿನಲ್ಲೂ ಕಪ್ಪಿದ್ದರೆ ಅದು ಗೊಂದಲಕ್ಕೆ ಬೀಳುತ್ತದೆ. ಸೆಖೆಗೆ ಮೂಗು ಬೆವರಿ ಕನ್ನಡಕ ಕೆಳಗೆ ಜಾರುತ್ತದೆ. ಹಿಂದಿನ ಪಟ್ಟಿ ಬಿಗಿ ಮಾಡಿ, ಮುಖ ತೊಳೆದು ಒರೆಸಿಕೊಳ್ಳಲು ಹೇಳಿ.

ಎಲ್ಲಕ್ಕಿಂತ ದೊಡ್ಡ ತೊಡಕು ಕೆಳಗೆ ನೋಡುವುದು. ಪುಸ್ತಕ ಬೆಂಚಿನ ಮೇಲೆ ಮಲಗಿದ್ದರೆ ಮಗುವಿನ ರೆಪ್ಪೆ ಇಳಿದು ಅರ್ಧ ಪಾಪೆ ಮುಚ್ಚಿಹೋಗುತ್ತದೆ; ಪುಟದ ಕೆಳಗಿನ ಸಾಲುಗಳಲ್ಲೇ ಮಾಹಿತಿ ತಪ್ಪಿಹೋಗುವುದು ಇದರಿಂದ. ಪುಟವನ್ನು ರಟ್ಟಿಗೆ ಅಂಟಿಸಿ ಓರೆಯಾಗಿ ನಿಲ್ಲಿಸಬೇಕು. ನಾನು ಮನೆಯಲ್ಲಿ ಪುರಾಣ ಓದಲು ಇಟ್ಟಿದ್ದ ವ್ಯಾಸಪೀಠವನ್ನೇ ಒಯ್ಯುತ್ತೇನೆ. ಅದರ ಒಂದು ಹಲಗೆಗೆ ರಟ್ಟು ಒರಗಿಸಿದರೆ ಓರೆ ಸರಿಯಾಗಿರುತ್ತದೆ, ಮಕ್ಕಳಿಗೂ ಅಪರಿಚಿತವಲ್ಲ.

ರಟ್ಟಿನ ನಾಲ್ಕು ಮೂಲೆಗೂ ಏಪ್ರಿಲ್‌ಟ್ಯಾಗ್ ಎಂಬ ಕಪ್ಪು-ಬಿಳಿ ಚೌಕಗಳನ್ನು ಅಂಟಿಸಿ, ಸುತ್ತ ಬಿಳಿ ಅಂಚು ಬಿಡಿ. ಮಗು ತಲೆ ಆಡಿಸಿದರೂ ನೋಟ ಪುಟದ ಎಲ್ಲಿ ಬಿತ್ತು ಎಂದು ಸಾಫ್ಟ್‌ವೇರು ಲೆಕ್ಕ ಹಾಕುವುದು ಇವುಗಳಿಂದ. ಹೊಳೆಯುವ ಕಾಗದ, ಲ್ಯಾಮಿನೇಷನ್ ಬೇಡ. ನಿಮ್ಮ ಕನ್ನಡಕಕ್ಕೆ ಕ್ಯಾಲಿಬ್ರೇಷನ್ (ಗೊತ್ತಿರುವ ಚುಕ್ಕೆ ನೋಡಿಸಿ ಯಂತ್ರವನ್ನು ಆ ಕಣ್ಣಿಗೆ ಹೊಂದಿಸುವುದು) ಬೇಕಿದ್ದರೆ ಅದನ್ನು ಓದುವ ದೂರದಲ್ಲೇ ಮಾಡಿ, ಎದುರಿನ ಗೋಡೆ ನೋಡಿಸಿ ಅಲ್ಲ. ಎದುರಿನ ದೃಶ್ಯ ಹಿಡಿಯುವ ಮುಂದಿನ ಕ್ಯಾಮೆರಾ ಮತ್ತು ಕಣ್ಣು ಬೇರೆ ಬೇರೆ ಜಾಗದಲ್ಲಿರುವುದರಿಂದ ದೂರ ಬದಲಾದರೆ ನೋಟದ ಗುರುತೂ ಸರಿಯುತ್ತದೆ. ಕ್ಯಾಲಿಬ್ರೇಷನ್ ಬೇಡ ಎನ್ನುವ ಕನ್ನಡಕಕ್ಕೂ ಪರೀಕ್ಷೆ ಬೇಕು: ಒಂಬತ್ತು ಚುಕ್ಕೆಯ ಹಾಳೆಯನ್ನು ಪಾಠದ ಮೊದಲೂ ಕೊನೆಗೂ ತೋರಿಸಿ. ಕೊನೆಯ ಹಾಳೆಯಲ್ಲಿ ಗುರುತು ಒಂದು ಸಾಲಿನಷ್ಟು ಸರಿದಿದ್ದರೆ ಆ ಓದನ್ನು ಬದಿಗಿಡಿ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಎಳೆದು ಸಾಲಿಗೆ ಕೂರಿಸುವವರಿದ್ದಾರೆ; ಎಷ್ಟು ಎಳೆದಿರಿ ಎಂದು ವರದಿಯಲ್ಲಿ ಬರೆಯುವ ಧೈರ್ಯ ಇದ್ದರೆ ಮಾಡಿ.

ನಿಲುಗಡೆ ಗುರುತಿಸುವ ಕೆಲಸವನ್ನು ಪೂರ್ತಿ ಸಾಫ್ಟ್‌ವೇರಿಗೆ ಬಿಡಬೇಡಿ. ವೇಗ ನೋಡಿ ತೀರ್ಮಾನಿಸುವ ಫಿಲ್ಟರಿಗೆ ತಲೆಯ ಅಲುಗಾಟವೂ ಕಣ್ಣಿನ ಜಿಗಿತವಾಗಿ ಕಾಣುವುದುಂಟು. ಪ್ರತಿ ಮಗುವಿನ ಒಂದು ಪುಟವನ್ನಾದರೂ ವಿಡಿಯೋ ನಿಧಾನಕ್ಕೆ ಓಡಿಸಿ, ಕೈಯಲ್ಲಿ ಗುರುತು ಹಾಕಿ ತಾಳೆ ನೋಡಿ. ಬೇಸರದ ಕೆಲಸ, ಹೌದು.

ಅನುಮತಿ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಮಗು ಓದುವ ಭಾಷೆಯನ್ನೇ ತಂದೆತಾಯಿ ಓದಬೇಕೆಂದಿಲ್ಲ. ಕನ್ನಡಕದ ಮುಂದಿನ ಕ್ಯಾಮೆರಾ ಎದುರಿಗೆ ಬಂದವರನ್ನೆಲ್ಲ ಚಿತ್ರಿಸುತ್ತದೆ ಎಂಬುದನ್ನೂ ಅದರಲ್ಲಿ ಬರೆಯಿರಿ. ಬಾಗಿಲಿಗೆ ಇಣುಕುವ ಮಕ್ಕಳ ಮುಖ ರೆಕಾರ್ಡಿನಲ್ಲಿ ಬಿದ್ದರೆ, ವಿಡಿಯೋವನ್ನು ಯಾರಿಗಾದರೂ ತೋರಿಸುವ ಮೊದಲು ಮಸುಕು ಮಾಡಿ.