ಫ್ರಾನ್ಸ್ ಹಳ್ಳಿ ಕಡೆ ನಡೆಯುವಾಗ ದಾರಿ ತಪ್ಪದಿರಲು ಇಂಟು ಮಾರ್ಕ್ ನೋಡಿ

ಫ್ರಾನ್ಸಿನ ಹಳ್ಳಿಗಳ ಸುತ್ತ ಟ್ರೆಕ್ಕಿಂಗ್ ಹೋಗುವವರು ಕವಲು ದಾರಿ ಬಂದಾಗ ಸರಿದಾರಿಯ ಗುರುತು ಹುಡುಕುತ್ತಾ ನಿಲ್ಲಬೇಡಿ. ಒಂದು ದಾರಿ ಹಿಡಿದು ಹತ್ತಿಪ್ಪತ್ತು ಹೆಜ್ಜೆ ಹಾಕಿ, ಮರ, ಕಂಬ, ಕಲ್ಲಿನ ಮೇಲೆ ಇಂಟು ಮಾರ್ಕ್ ಇದೆಯಾ ನೋಡಿ. ಇದ್ದರೆ ಆ ದಾರಿ ನಿಮ್ಮದಲ್ಲ, ವಾಪಸ್ ಬನ್ನಿ. ಅಲ್ಲಿ ಬಣ್ಣ ಬಳಿಯುವ ಸ್ವಯಂಸೇವಕರು ಜನ ತಪ್ಪುವ ಕಡೆಯೂ ಗುರುತು ಹಾಕುತ್ತಾರೆ. ಸರಿದಾರಿಗೆ ಅಡ್ಡಪಟ್ಟಿ ಗುರುತು: ಜಿಆರ್ ಎಂಬ ದೂರ ಪ್ರಯಾಣದ ಕಾಲುದಾರಿಗೆ ಮೇಲೆ ಬಿಳಿ, ಕೆಳಗೆ ಕೆಂಪು. ಒಂದು ಪ್ರದೇಶ ಸುತ್ತಿಸುವ ದಾರಿಗೆ ಮೇಲೆ ಹಳದಿ, ಕೆಳಗೆ ಕೆಂಪು. ಪಿಆರ್ ಎಂಬ ಹಳ್ಳಿ ಸುತ್ತಿನ ಚಿಕ್ಕ ದಾರಿಗೆ ಬರೀ ಒಂದು ಹಳದಿ ಪಟ್ಟಿ.

ಇಂಟು ಮಾರ್ಕಿನ ಬಣ್ಣ ಮಾತ್ರ ಮರೀಬೇಡಿ, ಅದು ಯಾವ ದಾರಿಯವರಿಗೋ ಆ ದಾರಿಯ ಪಟ್ಟಿಯ ಬಣ್ಣದಲ್ಲೇ ಇರುತ್ತೆ. ನೀವು ಹಳದಿ ದಾರಿಯಲ್ಲಿದ್ದರೆ ಬಿಳಿ-ಕೆಂಪು ಇಂಟು ನಿಮಗೆ ಸಂಬಂಧವಿಲ್ಲ, ಧೈರ್ಯವಾಗಿ ಮುಂದೆ ಹೋಗಿ. ಈ ಉಪಾಯ ಕೈಕೊಡುವುದು ಎರಡು ಜಿಆರ್ ಕೂಡುವಲ್ಲಿ. ದಕ್ಷಿಣ ಫ್ರಾನ್ಸಿನ ಅವೆರಾನ್ ಜಿಲ್ಲೆಯ ಕೊಂಕ್ ಹಳ್ಳಿಯಲ್ಲಿ ಜಿಆರ್ 65, ಜಿಆರ್ 62 ಎರಡೂ ಇವೆ, ಎರಡಕ್ಕೂ ಅದೇ ಬಿಳಿ-ಕೆಂಪು. ಅಂಥಲ್ಲಿ ನಂಬರ್ ಬರೆದ ಫಲಕವನ್ನೇ ಓದಬೇಕು. ಮರ ಕಡಿದ ಕಾಡಲ್ಲಿ ಗುರುತೂ ಮರದ ಜೊತೆ ಹೋಗಿರುತ್ತೆ, ಅಲ್ವಾ? ಅದಕ್ಕೇ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ಅಳತೆಯ ನಕ್ಷೆ ಫೋನಿನಲ್ಲಿ ಆಫ್‌ಲೈನ್ ಇಟ್ಟುಕೊಳ್ಳಿ.